ನೊಗ ಮೋಟಾರ್ಸ್: ಕೆಲಸಗಾರರೇ ಮಾಲೀಕರಾದ ಕಾರು ಕಂಪನಿ, ಪದೇ ಪದೇ ಕೇಳುವ ಪ್ರಶ್ನೆಗಳು

ನೊಗ ಮೋಟಾರ್ಸ್ ಅಂತ ಕಂಪನಿ ನಿಜವಾಗಿ ಇದೆಯಾ?

ಇಲ್ಲ. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಇದೆ. ಈಗ ನಾಲ್ಕನೇ ನೋಟ್‌ಬುಕ್ ನಡೆಯುತ್ತಿದೆ. ಶೋರೂಮ್ ಎಲ್ಲಿದೆ, ಬುಕಿಂಗ್ ಯಾವಾಗ ಅಂತ ಕೇಳಿದವರೂ ಇದ್ದಾರೆ. ಅವರಿಗೆ ನಿರಾಸೆ ಮಾಡಿದ್ದಕ್ಕೆ ಬೇಜಾರಿದೆ, ಒಳಗೊಳಗೆ ಸ್ವಲ್ಪ ಖುಷಿಯೂ ಇದೆ.

ಕಂಪನಿ, ಅದರ ಬಂಡಿಗಳು, ಒಳಗಿನ ಜಗಳಗಳು ಎಲ್ಲ ನನ್ನ ಕಲ್ಪನೆ. ಉತ್ತರಗಳ ಮಧ್ಯೆ ಬರುವ ಬೇರೆ ಕಂಪನಿಗಳು ಮತ್ತು ಇಸವಿಗಳು ನಿಜವಾದವು. ಎರಡನ್ನೂ ಕಲಸಿಕೊಳ್ಳಬೇಡಿ.

ಇಲ್ಲದ ಕಂಪನಿಗೆ ಇಷ್ಟೆಲ್ಲ ಲೆಕ್ಕಾಚಾರ ಯಾಕೆ?

ಚಿಕ್ಕಂದಿನಿಂದ ಕಾರಿನ ಚಿತ್ರ ಬರೆಯುವ ಚಟ. ಎಷ್ಟೋ ಮಕ್ಕಳಿಗೆ ಇರುತ್ತೆ, ಅಲ್ವಾ? ನಾನು ಬಿಡಲಿಲ್ಲ ಅಷ್ಟೇ.

ಆಮೇಲೆ ಕೆಲವು ವರ್ಷ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದೆ. ಒಂದು ಮಧ್ಯಾಹ್ನ ಅಲ್ಲಿ ತಗಡು ಒತ್ತುವ ಪ್ರೆಸ್ ಕೆಟ್ಟು ನಿಂತಿತು. ಹದಿನೈದು ವರ್ಷದಿಂದ ಅದನ್ನು ಓಡಿಸುತ್ತಿದ್ದವರು ಪಕ್ಕದಲ್ಲೇ ಇದ್ದರು. ಏನು ಕೆಟ್ಟಿದೆ ಅಂತ ಅವರಿಗೆ ಸದ್ದಿನಲ್ಲೇ ಗೊತ್ತಾಗಿತ್ತು. ಯಾರೂ ಅವರನ್ನು ಕೇಳಲಿಲ್ಲ. ಹೊರಗಿನಿಂದ ಎಂಜಿನಿಯರ್ ಬರುವ ತನಕ ಎರಡು ದಿನ ಸುಮ್ನೆ ಕೂತೆವು. ಬಂದವರು ಇವರು ಗೊಣಗುತ್ತಿದ್ದ ವಾಲ್ವನ್ನೇ ಬದಲಾಯಿಸಿ ಹೋದರು. ಆ ರಾತ್ರಿ ಮೊದಲ ಸಲ ಕಾರಿನ ಪಕ್ಕ ಒಂದು ಕಾರ್ಖಾನೆಯನ್ನೂ ಬರೆದೆ.

'ನೊಗ' ಅಂದರೆ ಗುಲಾಮಗಿರಿ ನೆನಪಾಗುತ್ತೆ. ಬೇರೆ ಹೆಸರು ಸಿಗಲಿಲ್ವಾ?

ಮನೆಯ ನೊಗ ಹೊತ್ತವರು ಅನ್ನುತ್ತೇವಲ್ಲ, ಆ ಅರ್ಥದ ನೊಗ ಇದು. ಎರಡೂ ಎತ್ತು ಒಂದೇ ಹೆಜ್ಜೆ ಹಾಕಿದರೆ ನೊಗ ನೆಟ್ಟಗಿರುತ್ತೆ. ಒಂದು ಹಿಂದೆ ಬಿದ್ದರೆ ಗಾಡಿ ಓರೆ. ಕಾರುಗಳಿಗೆ ಚಿರತೆ, ಕುದುರೆ, ಬಿರುಗಾಳಿ ಅಂತೆಲ್ಲ ಹೆಸರಿಡುವ ಚಾಳಿ ಇದೆ. ಮಾಲೀಕರಾಗುವುದು ಭಾರದ ಕೆಲಸ, ಅದು ಹೆಸರಲ್ಲೇ ಗೊತ್ತಾಗಲಿ ಅಂತ ಇದನ್ನಿಟ್ಟೆ.

ಬಾನೆಟ್ ಮೇಲಿನ ಗುರುತು ಒಂದು ಅಡ್ಡಗೆರೆ, ಅದರ ಕೆಳಗೆ ಎರಡು ಕಮಾನು. ಮಗು ಕೂಡ ಬರೆಯಬಹುದು.

ಕೆಲಸಗಾರರಿಗೆ ಷೇರು ಹಂಚಿದರೆ ಸಾಲದಾ? ಎಷ್ಟೋ ಕಂಪನಿಗಳು ಕೊಡುತ್ತವಲ್ಲ?

ಸಾಲದು. 2009ರಲ್ಲಿ ಅಮೆರಿಕದ ಕ್ರೈಸ್ಲರ್ ದಿವಾಳಿಯಾಗಿ ಮತ್ತೆ ಎದ್ದಾಗ, ಅದರ ಅರ್ಧಕ್ಕಿಂತ ಜಾಸ್ತಿ ಪಾಲು ಒಂದು ಟ್ರಸ್ಟ್‌ಗೆ ಬಂತು. ಕಾರ್ಮಿಕ ಸಂಘದ ನಿವೃತ್ತ ಸದಸ್ಯರ ಆಸ್ಪತ್ರೆ ಖರ್ಚಿಗೆ ಅಂತ ಇದ್ದ ಟ್ರಸ್ಟ್ ಅದು. ಕಾಗದದ ಮೇಲೆ ನೋಡಿದರೆ ಕಾರ್ಮಿಕರದ್ದೇ ಕಂಪನಿ. ಆದರೆ ಕಂಪನಿ ನಡೆಸಿದ್ದು ಶೇ 20 ಪಾಲಿನಿಂದ ಶುರು ಮಾಡಿದ ಫಿಯಟ್. 2014ರ ಜನವರಿಯಲ್ಲಿ ಟ್ರಸ್ಟ್‌ನಲ್ಲಿ ಉಳಿದಿದ್ದ ಪಾಲನ್ನೂ ಫಿಯಟ್ ಕೊಂಡಿತು. ಆಟ ಮುಗಿಯಿತು.

ಯುನೈಟೆಡ್ ಏರ್‌ಲೈನ್ಸ್ ಕಥೆ ಇನ್ನೂ ಕಹಿ. 1994ರಲ್ಲಿ ನೌಕರರು ಸಂಬಳ ಕಡಿತಕ್ಕೆ ಒಪ್ಪಿ ಶೇ 55 ಪಾಲು ಪಡೆದರು. 2002ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬಿಟ್ಟುಕೊಟ್ಟ ಸಂಬಳವೂ ಹೋಯಿತು, ಷೇರೂ ಹೋಯಿತು.

ಅದಕ್ಕೇ ನೊಗದಲ್ಲಿ ನಾನು ಇಟ್ಟ ನಿಯಮ ಬೇರೆ. ಕೆಲಸಕ್ಕೆ ಸೇರಿ ಒಂದು ವರ್ಷ ಆದವರು ಸದಸ್ಯರಾಗಬಹುದು. ಕಂಪನಿಯ ಅತಿ ಕಡಿಮೆ ಸಂಬಳದ ಒಂದು ವರ್ಷದಷ್ಟು ದುಡ್ಡನ್ನು ಕಂತಿನಲ್ಲಿ ಕಟ್ಟಬೇಕು. ಒಬ್ಬರಿಗೆ ಒಂದೇ ಓಟು. ಡೈ (ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚು) ಮಾಡುವ ಪರಿಣತರಿಗೂ ಒಂದು, ಕ್ಯಾಂಟೀನ್‌ನವರಿಗೂ ಒಂದು. ಪಾಲನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ. ಕೆಲಸ ಬಿಟ್ಟರೆ ದುಡ್ಡು ವಾಪಸ್, ಓಟು ಅಲ್ಲಿಗೆ ಮುಗಿಯಿತು.

ಯುಗೊಸ್ಲಾವಿಯಾದಲ್ಲಿ ಇದನ್ನೇ ಮಾಡಿದ್ದರಲ್ವಾ? ಆ ಯುಗೊ ಕಾರು?

ಹತ್ತಿರ ಹತ್ತಿರ, ಆದರೆ ಇದೇ ಅಲ್ಲ. 1950ರ ಕಾನೂನಿನಿಂದ ಅಲ್ಲಿನ ಕಾರ್ಖಾನೆಗಳಲ್ಲಿ ಕಾರ್ಮಿಕರ ಮಂಡಳಿಗಳು ಬಂದವು. ಆದರೆ ಕಾರ್ಖಾನೆ ಕಾರ್ಮಿಕರದ್ದಲ್ಲ, 'ಸಮಾಜದ್ದು'. ಅಂದರೆ ಯಾರದ್ದು? ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತಿರಲಿಲ್ಲ. ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಮಾತು ಮಂಡಳಿಯ ಮಾತಿಗಿಂತ ಜೋರಾಗಿತ್ತು.

ಕ್ರಾಗುಯೆವಾಟ್ಸ್ ಊರಿನ ಜಾಸ್ತಾವಾ ಕಾರ್ಖಾನೆ 1853ರಲ್ಲಿ ಫಿರಂಗಿ ಎರಕ ಹೊಯ್ಯುವ ಜಾಗವಾಗಿ ಶುರುವಾಯಿತು. ಫಿಯಟ್ ಜೊತೆ ಒಪ್ಪಂದ ಮಾಡಿಕೊಂಡು ಕಾರಿಗೆ ಬಂತು. ಫಿಯಟ್ 600ರ ಮೇಲೆ ಕಟ್ಟಿದ ಪುಟಾಣಿ ಕಾರನ್ನು ಜನ ಮುದ್ದಾಗಿ 'ಫಿಚಾ' ಅಂತ ಕರೆದರು. ಅದೇ ಕಾರ್ಖಾನೆಯಿಂದ ಯುಗೊ ಬಂದಿದ್ದು 1980ರಲ್ಲಿ. ಅಮೆರಿಕದಲ್ಲಿ 3,990 ಡಾಲರ್‌ಗೆ ಮಾರಿದರು. ಅಷ್ಟು ಅಗ್ಗದ ಹೊಸ ಕಾರು ಆಗ ಅಲ್ಲಿರಲಿಲ್ಲ. ಜನ ಕೊಂಡರು, ಆಮೇಲೆ ಅದರ ಬಗ್ಗೆ ಜೋಕು ಮಾಡಿದರು. ದೇಶವೇ ಒಡೆಯಿತು, 1999ರಲ್ಲಿ ಕಾರ್ಖಾನೆ ಮೇಲೆ ಬಾಂಬ್ ಬಿತ್ತು. ಆದರೂ 2008ರ ತನಕ ಯುಗೊ ತಯಾರಾಗುತ್ತಲೇ ಇತ್ತು. 28 ವರ್ಷ, ಹೆಚ್ಚು ಕಡಿಮೆ ಅದೇ ಕಾರು. ಜೋಕು ಮಾಡುವವರು ಇದನ್ನು ಹೇಳುವುದಿಲ್ಲ. ನನಗೆ ಮಾತ್ರ ಇದರಲ್ಲಿ ಹಟವೂ ಕಾಣುತ್ತೆ, ಹೊಸ ಮಾಡೆಲ್‌ಗೆ ದುಡ್ಡಿಲ್ಲದ ಬಡತನವೂ ಕಾಣುತ್ತೆ. ಈ ಎರಡನೆಯದನ್ನು ನೆನಪಿಡಿ. ಕೆಳಗೆ ಪದೇ ಪದೇ ಬರುತ್ತೆ.

ಮಾಲೀಕರಾಗದೆಯೂ ಕೆಲಸಗಾರರ ಮಾತು ನಡೆಯಬಹುದಲ್ಲ?

ನಡೆಯಬಹುದು. ಜರ್ಮನಿಯಲ್ಲಿ 1976ರ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ನೌಕರರ ಕಡೆಯವರಿಗೆ. ಫೋಕ್ಸ್‌ವ್ಯಾಗನ್‌ನಲ್ಲಂತೂ ಹೊಸ ಕಾರ್ಖಾನೆ ಕಟ್ಟಲು, ಇರುವುದನ್ನು ಬೇರೆ ಕಡೆ ಒಯ್ಯಲು ಆ ಮಂಡಳಿಯ ಮೂರನೇ ಎರಡರಷ್ಟು ಓಟು ಬೇಕು. ನೌಕರರ ಕಡೆಯವರು ಒಪ್ಪದೆ ಆಗುವುದಿಲ್ಲ. ಇದು ಸಣ್ಣ ಬಲವಲ್ಲ. ಆದರೆ ಇದು 'ಬೇಡ' ಅನ್ನುವ ಬಲ. ನನಗೆ 'ಇದನ್ನು ಮಾಡೋಣ' ಅನ್ನುವ ಬಲವೂ ಬೇಕಿತ್ತು.

ನೊಗ ಶುರುವಾಗಿದ್ದು ಹೇಗೆ?

ಬಾಗಿಲು ಮುಚ್ಚುವ ಬೆದರಿಕೆಯಿಂದ. ಇದನ್ನು ನಾನು ಇತಿಹಾಸದಿಂದಲೇ ಎತ್ತಿಕೊಂಡೆ. ಇಂಗ್ಲೆಂಡಿನ ಕವೆಂಟ್ರಿ ಹತ್ತಿರ ಮೆರಿಡೆನ್‌ನಲ್ಲಿ ಟ್ರಯಂಫ್ ಬೈಕ್ ಕಾರ್ಖಾನೆ ಇತ್ತು. 1973ರ ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚುತ್ತೇವೆ ಅಂತ ಮಾಲೀಕರು ಹೇಳಿದರು. ಕೆಲಸಗಾರರು ಗೇಟಿನಲ್ಲಿ ಕೂತರು. 1975ರಲ್ಲಿ ಸರ್ಕಾರದ ಸಾಲ ಪಡೆದು ಸಹಕಾರಿಯಾಗಿ ಬೈಕ್ ಮಾಡಲು ಶುರು ಮಾಡಿದರು. ಇಟಲಿಯ ಫ್ಲಾರೆನ್ಸ್ ಪಕ್ಕ ಕಾರಿನ ಡ್ರೈವ್ ಶಾಫ್ಟ್ ಮಾಡುವ ಜಿಕೆಎನ್ ಕಾರ್ಖಾನೆಯಲ್ಲಿ 2021ರ ಜುಲೈ 9ರಂದು 422 ಜನಕ್ಕೆ ಇಮೇಲ್‌ನಲ್ಲಿ ಕೆಲಸ ಹೋಯಿತು ಅಂತ ತಿಳಿಯಿತು. ಅವರೂ ಜಾಗ ಬಿಟ್ಟು ಏಳಲಿಲ್ಲ. ಸಾಮಾನು ಸಾಗಿಸುವ ಸೈಕಲ್, ಸೋಲಾರ್ ಪ್ಯಾನೆಲ್ ಮಾಡುವ ಯೋಜನೆ ಹಾಕಿಕೊಂಡರು.

ಯಾರೂ ಲಾಭದಲ್ಲಿರುವ ಕಾರ್ಖಾನೆಯನ್ನು ಕೆಲಸಗಾರರ ಕೈಗೆ ಕೊಟ್ಟು ಹೋಗುವುದಿಲ್ಲ. ಸಿಗುವುದು ಹಳೆ ಯಂತ್ರ, ಹಳೆ ಸಾಲ, ಸೋರುವ ಸೂರು. ನೊಗಕ್ಕೂ ಹಾಗೇ. ಅದು ಬ್ರೇಕ್ ಡ್ರಮ್ ಎರಕ ಹೊಯ್ಯುತ್ತಿದ್ದ ಕಾರ್ಖಾನೆ. ಡಿಸ್ಕ್ ಬ್ರೇಕ್ ಜಾಸ್ತಿಯಾದಂತೆ ಆರ್ಡರ್ ಇಳಿಯಿತು, ಮಾಲೀಕರು ಜಾಗ ಮಾರಲು ಹೊರಟರು. ಅಲ್ಲಿಂದ ಕಥೆ.

ಹಾಗಾದರೆ ನೇರವಾಗಿ ಕಾರೇ ಮಾಡಬಹುದಿತ್ತು. 'ಹೆಗಲು' ಅಂತ ಸಾಮಾನು ಬಂಡಿ ಯಾಕೆ ಮೊದಲು?

ದುಡ್ಡು. ನಟ್ಟು ಬೋಲ್ಟು ಸೇರಿ ಒಂದು ಕಾರಿನಲ್ಲಿ ಸುಮಾರು 30,000 ಭಾಗ. ಬುಡದಿಂದ ಹೊಸದಾಗಿ ಒಂದು ಕಾರು ರೂಪಿಸಿ ಲೈನ್‌ಗೆ, ಅಂದರೆ ಕಾರುಗಳು ಸಾಲಾಗಿ ಸಾಗುತ್ತಾ ಜೋಡಣೆಯಾಗುವ ಜಾಗಕ್ಕೆ, ತರುವ ಹೊತ್ತಿಗೆ ದೊಡ್ಡ ಕಂಪನಿಗಳಿಗೆ ನೂರು ಕೋಟಿ ಡಾಲರ್ ದಾಟುವುದು ಸಾಮಾನ್ಯ. ಒಂದು ಬಾಗಿಲಿನ ಹೊರ ತಗಡಿಗೇ ಹಲವು ಡೈ ಬೇಕು: ಎಳೆದು ಆಕಾರ ಕೊಡಲು ಒಂದು, ಅಂಚು ಕತ್ತರಿಸಲು ಒಂದು, ಮಡಚಲು ಒಂದು, ತೂತು ಹೊಡೆಯಲು ಒಂದು. ಒಂದೊಂದೂ ಟನ್‌ಗಟ್ಟಲೆ ತೂಕದ ಉಕ್ಕು.

ಸಣ್ಣ ಬಂಡಿಗೆ ಈ ಗೋಳು ಕಡಿಮೆ. ಯೂರೋಪಿನಲ್ಲಿ ಎಲ್7ಇ ಅನ್ನುವ ವರ್ಗ ಇದೆ. ಸಾಮಾನು ಸಾಗಿಸುವ ಬಂಡಿಯಾದರೆ ಬ್ಯಾಟರಿ ಬಿಟ್ಟು 600 ಕೆಜಿ ಒಳಗಿರಬೇಕು, ಮೋಟಾರ್ 15 ಕಿಲೋವ್ಯಾಟ್ ಮೀರಬಾರದು. ಕಾರಿಗೆ ಇರುವಷ್ಟು ಕ್ರ್ಯಾಶ್ ಟೆಸ್ಟ್ ಇಲ್ಲ. ಹೆಗಲನ್ನು ನಾನು ಈ ಅಳತೆಯೊಳಗೇ ಬರೆದೆ. ಚೌಕ ಪೈಪ್ ಬೆಸೆದ ಚೌಕಟ್ಟು, ಬಗ್ಗಿಸಿದ ಚಪ್ಪಟೆ ತಗಡು, ಚಪ್ಪಟೆ ಗಾಜು. ದೊಡ್ಡ ಡೈ ಒಂದೂ ಬೇಡ. ನೋಡಲು ತಗಡಿನ ಡಬ್ಬ. ಆದರೆ ಹಿಂದಿನ ಹಲಗೆ ಸೊಂಟದ ಎತ್ತರಕ್ಕಿದೆ, ಮೂಟೆಯನ್ನು ಹೆಗಲಿನಿಂದ ನೇರ ಜಾರಿಸಬಹುದು. ಮೂಟೆ ಹೊತ್ತು ಅಭ್ಯಾಸ ಇದ್ದವರೇ ಆ ಎತ್ತರ ಹೇಳಿದ್ದು. ಹೆಸರು ಬಂದಿದ್ದೂ ಅಲ್ಲಿಂದಲೇ.

'ಗುಬ್ಬಿ' ಎಂಥ ಕಾರು?

ನಾಲ್ಕು ಜನ ಕೂರುವ ಪುಟ್ಟ ಕಾರು. ಐದನೆಯವರು ಕೂರಬಹುದು, ಆದರೆ ಸ್ನೇಹ ಉಳಿಯುವುದಿಲ್ಲ.

ಗುಬ್ಬಿ ನೊಗದ ಸ್ವಂತ ವಿನ್ಯಾಸ ಅಲ್ಲ. ಇದನ್ನು ಕೇಳಿ ಕೆಲವರಿಗೆ ಸಪ್ಪೆಯಾಗುತ್ತೆ. ದೊಡ್ಡ ಕಂಪನಿಯೊಂದು ನಿಲ್ಲಿಸಿದ ಹಳೆ ಮಾಡೆಲ್‌ನ ಹಕ್ಕು ಮತ್ತು ಸೆಕೆಂಡ್ ಹ್ಯಾಂಡ್ ಡೈಗಳನ್ನು ನೊಗ ಕೊಂಡುಕೊಂಡಿತು. ಮುಖ, ಹಿಂಭಾಗ, ಸೀಟು ಮಾತ್ರ ತನ್ನದು. ಬೇರೆ ದಾರಿ ಇರಲಿಲ್ಲ. ರಷ್ಯಾದ ಲಾಡಾ ಕೂಡ 1970ರಲ್ಲಿ ಫಿಯಟ್ 124ನ್ನು ಇಟ್ಟುಕೊಂಡೇ ಶುರುವಾಗಿದ್ದು.

ಲೆಕ್ಕ ನೋಡಿ. ನೊಗದ ಲೈನ್‌ನಿಂದ 12 ನಿಮಿಷಕ್ಕೆ ಒಂದು ಗುಬ್ಬಿ ಇಳಿಯುತ್ತೆ. ಎಂಟು ಗಂಟೆಯ ಪಾಳಿಗೆ 40, ದಿನಕ್ಕೆ ಎರಡು ಪಾಳಿ, ವರ್ಷಕ್ಕೆ 250 ದಿನ. ಒಟ್ಟು 20,000 ಕಾರು. ಹೊಸ ಮಾಡೆಲ್‌ಗೆ ನೂರು ಕೋಟಿ ಡಾಲರ್ ಸುರಿದು ಏಳು ವರ್ಷ ಮಾರಿದರೂ, ಪ್ರತಿ ಕಾರಿನ ತಲೆ ಮೇಲೆ 7,000 ಡಾಲರ್‌ಗಿಂತ ಜಾಸ್ತಿ ಬರೀ ವಿನ್ಯಾಸದ ಖರ್ಚು ಕೂರುತ್ತೆ. ವರ್ಷಕ್ಕೆ ಮೂರು ಲಕ್ಷ ಮಾಡುವವರಿಗೆ ಅದೇ ಖರ್ಚು 500 ಡಾಲರ್ ಕೂಡ ಆಗುವುದಿಲ್ಲ. ಮಾಲೀಕರು ಯಾರೇ ಆಗಿರಲಿ, ಈ ಭಾಗಾಕಾರ ಯಾರ ಮುಖವನ್ನೂ ನೋಡುವುದಿಲ್ಲ.

'ತೇರು' ಇನ್ನೂ ಮಾಡುತ್ತಿದ್ದಾರಾ?

ಹೌದು. ಹೆಗಲಿನ ಚೌಕಟ್ಟಿನ ಕೆಲಸದಲ್ಲೇ ಕೈ ಪಳಗಿದವರು ಮಾಡುವ 16 ಸೀಟಿನ ಸಣ್ಣ ಬಸ್ಸು. ಚೌಕಟ್ಟು ಉದ್ದ, ಪೈಪ್ ದಪ್ಪ, ಆಕ್ಸಲ್ ಬೇರೆ. ಆರ್ಡರ್ ಬಂದರೆ ಮಾತ್ರ. ತಿಂಗಳಿಗೆ ಹತ್ತು ಹನ್ನೆರಡು ಆದರೆ ದೊಡ್ಡದು.

'ನವಿಲು' ಬ್ರ್ಯಾಂಡ್ ಯಾಕೆ ನಿಂತಿತು?

ಇದು ನನಗೆ ಬಹಳ ಇಷ್ಟವಾದ ತಪ್ಪು.

ಗುಬ್ಬಿ ಚೆನ್ನಾಗಿ ಹೋಗುತ್ತಿದ್ದಾಗ ಮಾರಾಟದವರು ಒಂದು ಯೋಚನೆ ತಂದರು. ಅದೇ ಕಾರಿಗೆ ಎರಡು ಬಣ್ಣ, ಚರ್ಮದ ಸೀಟು, ಮರದ ಪಟ್ಟಿ ಹಾಕಿ ಬೇರೆ ಹೆಸರಲ್ಲಿ ಮಾರೋಣ, ಬೆಲೆ ಮೂರನೇ ಒಂದರಷ್ಟು ಜಾಸ್ತಿ ಇಡೋಣ. ಇದು ಹೊಸ ಯೋಚನೆಯೇನಲ್ಲ. ಬ್ರಿಟನ್ನಿನ ಬಿಎಂಸಿ ಅನ್ನುವ ಕಾರು ಕಂಪನಿ 1962ರಿಂದ ಒಂದೇ ಕಾರನ್ನು ಮಾರಿಸ್, ಆಸ್ಟಿನ್, ಎಂಜಿ, ವೂಲ್ಸ್‌ಲಿ, ರೈಲಿ, ವ್ಯಾಂಡನ್ ಪ್ಲಾ ಅಂತ ಆರು ಹೆಸರಲ್ಲಿ ಮಾರಿತು. ಜನರಲ್ ಮೋಟಾರ್ಸ್ ಬ್ರ್ಯಾಂಡ್‌ಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿತ್ತು: ಕೆಳಗೆ ಶೆವ್ರೊಲೆ, ಮೇಲೆ ಕ್ಯಾಡಿಲಾಕ್, ಸಂಬಳ ಏರಿದಂತೆ ನೀವೂ ಹತ್ತಬೇಕು. ಬರಬರುತ್ತಾ ಮೆಟ್ಟಿಲುಗಳ ನಡುವಿನ ವ್ಯತ್ಯಾಸ ಮಾಸಿತು. ಓಲ್ಡ್ಸ್‌ಮೊಬೈಲ್ 2004ರಲ್ಲಿ ಮುಚ್ಚಿತು, ಪಾಂಟಿಯಾಕ್ 2010ರಲ್ಲಿ.

ನವಿಲು ಮೊದಲ ವರ್ಷ ಮಾರಾಟವೂ ಆಯಿತು. ತೊಂದರೆ ಶುರುವಾಗಿದ್ದು ಪೇಂಟ್ ಶಾಪ್‌ನಲ್ಲಿ. ಕಾರ್ಖಾನೆಯಲ್ಲಿ ಜಾಸ್ತಿ ಇಂಧನ ತಿನ್ನುವ ಜಾಗಗಳಲ್ಲಿ ಅದು ಮುಂದು. ಎರಡು ಬಣ್ಣ ಅಂದರೆ ಒಂದು ಬಣ್ಣ ಹೊಡೆದು, ಓವನ್‌ನಲ್ಲಿ ಒಣಗಿಸಿ, ಅಂಟುಕಾಗದ ಸುತ್ತಿ, ಮತ್ತೆ ಬಣ್ಣ ಹೊಡೆದು, ಮತ್ತೆ ಓವನ್. ಒಂದು ನವಿಲು ಹೋಗುವ ಹೊತ್ತಿಗೆ ಹಿಂದೆ ಗುಬ್ಬಿಗಳ ಸಾಲು ನಿಲ್ಲುತ್ತಿತ್ತು. ಲೆಕ್ಕದವರ ಕಾಗದದಲ್ಲಿ ಇದು ಕಾಣಲೇ ಇಲ್ಲ, ಯಾಕೆಂದರೆ ಅವರು ನವಿಲಿಗೆ ಹಚ್ಚಿದ್ದು ಬಣ್ಣದ ಖರ್ಚನ್ನು ಮಾತ್ರ, ಕಾದ ಸಮಯವನ್ನಲ್ಲ. ಪೇಂಟ್ ಶಾಪ್‌ನವರು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾ ಬಂದರು. ಒಂದು ನವಿಲಿಗೆ ಎಷ್ಟು ಗುಬ್ಬಿ ನಿಂತವು ಅಂತ. ಮೂರನೇ ವರ್ಷದ ಸಭೆಗೆ ಆ ಗೋಡೆಯ ಫೋಟೊ ತಂದರು. ನವಿಲು ಅವತ್ತೇ ಮುಗಿಯಿತು. ಉಳಿದ ಮರದ ಪಟ್ಟಿಗಳು ಕ್ಯಾಂಟೀನ್ ಕಿಟಕಿಗೆ ಹೋದವು.

ಸಂಬಳ ಎಲ್ಲರಿಗೂ ಒಂದೇನಾ?

ಅಲ್ಲ. ಮೆರಿಡೆನ್‌ನಲ್ಲಿ ಮೊದಲು ಎಲ್ಲರಿಗೂ ಒಂದೇ ಸಂಬಳ ಇತ್ತು. ಕೇಳಲು ಚೆಂದ. ಆದರೆ ಪಕ್ಕದ ಊರಲ್ಲಿ ಇನ್ನೂ ಜಾಸ್ತಿ ಕೊಡುವವರಿದ್ದರೆ ನುರಿತವರು ಎಷ್ಟು ದಿನ ಇರುತ್ತಾರೆ? ಸ್ಪೇನ್‌ನ ಬಾಸ್ಕ್ ಸೀಮೆಯ ಮೊಂಡ್ರಾಗನ್ ಸಹಕಾರಿಗಳು ಮೊದಲು ಕೆಳಗಿನ ಮತ್ತು ಮೇಲಿನ ಸಂಬಳದ ಅಂತರವನ್ನು ಒಂದಕ್ಕೆ ಮೂರರಷ್ಟು ಇಟ್ಟವು, ಆಮೇಲೆ ಒಂದಕ್ಕೆ ಆರರ ತನಕ ಬಿಟ್ಟವು. ನೊಗದಲ್ಲಿ ನಾನು ಒಂದಕ್ಕೆ ನಾಲ್ಕು ಇಟ್ಟೆ. ಡೈ ಮಾಡುವ ಇಬ್ಬರು ಅದಕ್ಕೂ ಬೇಸರಪಟ್ಟು ಬಿಟ್ಟು ಹೋದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಒಬ್ಬರು ಎರಡು ವರ್ಷ ಬಿಟ್ಟು ವಾಪಸ್ ಬಂದರು, ಆ ಭಾಗ ಸ್ವಲ್ಪ ನನ್ನ ಆಸೆಗೆ ಬರೆದಿದ್ದು.

ಲಾಭವೆಲ್ಲ ಹಂಚಿಕೊಂಡು ತಿಂದು ಮುಗಿಸುವುದಿಲ್ವಾ?

ಬಂದಿರುವ ಪ್ರಶ್ನೆಗಳಲ್ಲೆಲ್ಲ ಗಟ್ಟಿ ಪ್ರಶ್ನೆ ಇದೇ. ಓಟು ಹಾಕುವುದು, ಮೀಟಿಂಗ್ ನಡೆಸುವುದು, ಬಾಸ್ ಆರಿಸುವುದು ಎಲ್ಲ ಕಲಿಯಬಹುದು. ಹತ್ತು ವರ್ಷ ಆದಮೇಲೆ ಬರುವ ಕಾರಿಗೆ ಇವತ್ತಿನ ದುಡ್ಡು ಎತ್ತಿಡುವುದು ಇದೆಯಲ್ಲ, ಅದು ಕಷ್ಟ.

ಮೆರಿಡೆನ್ ಮುಳುಗಿದ್ದು ಇಲ್ಲೇ. ಅವರ ಕೈಯಲ್ಲಿದ್ದ ಬಾನ್‌ವಿಲ್ ಬೈಕ್ ಹುಟ್ಟಿದ್ದು 1959ರಲ್ಲಿ, ಅದರ ಎಂಜಿನ್‌ನ ಬೇರು 1937ರ ವಿನ್ಯಾಸದಲ್ಲಿ. 1969ರಲ್ಲೇ ಹೋಂಡಾ ನಾಲ್ಕು ಸಿಲಿಂಡರ್‌ನ ಸಿಬಿ750 ತಂದಾಗಿತ್ತು. ಹೊಸ ಎಂಜಿನ್ ಮಾಡಲು ಮೆರಿಡೆನ್‌ನವರಿಗೆ ಆಸೆ ಇತ್ತು, ಕೈ ಇತ್ತು, ದುಡ್ಡಿರಲಿಲ್ಲ. 1983ರಲ್ಲಿ ಮುಚ್ಚಿತು. ಟ್ರಯಂಫ್ ಹೆಸರನ್ನು ಜಾನ್ ಬ್ಲೂರ್ ಅನ್ನುವ ಮನೆ ಕಟ್ಟುವ ಉದ್ಯಮಿ ಕೊಂಡರು, ಸ್ವಂತ ದುಡ್ಡು ಹಾಕಿ ವರ್ಷಗಟ್ಟಲೆ ಹೊಸ ಎಂಜಿನ್ ಮಾಡಿಸಿದರು. ಅವರ ಬೈಕುಗಳು ಈಗಲೂ ಓಡುತ್ತಿವೆ. ಸಹಕಾರಿ ಅಂದರೆ ಪ್ರೀತಿ ಇರುವ ನನ್ನಂಥವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು.

ನೊಗದ ಆರನೇ ವರ್ಷದ ಸಭೆಯನ್ನು ನಾನು ಮೂರು ಸಲ ಬರೆದು ಹರಿದಿದ್ದೇನೆ. ಹೊಸ ಗುಬ್ಬಿಗೆ ದುಡ್ಡು ಎತ್ತಿಡುವ ವಿಷಯ. ಪೇಂಟ್ ಶಾಪ್‌ನ ಒಬ್ಬರು ಅಕ್ಕ ಎದ್ದು ನಿಂತರು. 58 ವಯಸ್ಸು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬಿಳಿ ಪ್ರೈಮರ್ ಇನ್ನೂ ಇದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಅದು. ಅವರು ಕೂಗಾಡಲಿಲ್ಲ. "ನಾನು ಇನ್ನೆರಡು ವರ್ಷಕ್ಕೆ ಮನೆಗೆ ಹೋಗೋಳು. ಆ ಹೊಸ ಕಾರಿನ ಬಾಗಿಲನ್ನೂ ನಾನು ನೋಡಲ್ಲ. ನನ್ನ ದುಡ್ಡು ಅದರಲ್ಲಿ ಯಾಕೆ ಹಾಕ್ಲಿ ಹೇಳಿ," ಅಂದರು. ವೆಲ್ಡಿಂಗ್‌ನ ಒಬ್ಬ ಹುಡುಗ, "ನಮಗೆ ಇನ್ನೂ ಮೂವತ್ತು ವರ್ಷ ಕೆಲಸ ಬೇಕಲ್ಲ ಅಕ್ಕ," ಅಂದ. "ಗೊತ್ತಪ್ಪ. ಅದಕ್ಕೇ ನೀನು ಹಾಕು," ಅಂದರು. ಸಭೆ ನಕ್ಕಿತು. ನಾನು ಪೆನ್ ಕೆಳಗಿಟ್ಟೆ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕುತ್ತಾ ಮೊಂಡ್ರಾಗನ್‌ಗೇ ವಾಪಸ್ ಹೋದೆ. 1956ರಲ್ಲಿ ಪಾದ್ರಿ ಅರಿಸ್ಮೆಂಡಿಯರಿಯೆಟಾ ಅವರ ಐವರು ಶಿಷ್ಯರು ಶುರು ಮಾಡಿದ್ದು ಅದು. ಅಲ್ಲಿ ಸದಸ್ಯರ ಪಾಲಿನ ಲಾಭ ಅವರವರ ಹೆಸರಿನ ಖಾತೆಗೆ ಹೋಗುತ್ತೆ, ಆದರೆ ಕಂಪನಿ ಬಿಡುವ ತನಕ ಅಸಲನ್ನು ಮುಟ್ಟುವ ಹಾಗಿಲ್ಲ. ಅಷ್ಟು ದಿನ ಅದು ಕಂಪನಿಯ ಬಂಡವಾಳ. ಇನ್ನೊಂದು ಭಾಗ ಯಾರ ಹೆಸರಿಗೂ ಇಲ್ಲದ ಮೀಸಲು ನಿಧಿಗೆ. ನೊಗದಲ್ಲೂ ಹಾಗೇ ಮಾಡಿದೆ: ಅರ್ಧ ಮೀಸಲಿಗೆ, ಉಳಿದಿದ್ದು ಖಾತೆಗೆ, ಖಾತೆಗೆ ಬಡ್ಡಿ. ಅಕ್ಕ ಮನೆಗೆ ಹೋಗುವಾಗ ಅವರ ಖಾತೆಯ ದುಡ್ಡು ಐದು ಕಂತಿನಲ್ಲಿ ಸಿಗುತ್ತೆ. ಅವರ ಪ್ರಶ್ನೆ ಅರ್ಧ ಬಗೆಹರಿಯಿತು. ಮೀಸಲಿಗೆ ಹೋದ ಇನ್ನರ್ಧ ಅವರ ಕೈಗೆ ಎಂದೂ ಬರುವುದಿಲ್ಲ. ಅವರು ವಿರುದ್ಧವೇ ಓಟು ಹಾಕಿದರು, ಠರಾವು ಪಾಸಾಯಿತು.

ಲೈನ್ ಮೇಲೆ ಬಾಸ್ ಯಾರು?

ಫೋರ್‌ಮನ್ ಇದ್ದಾರೆ. ಮಾಲೀಕರಾದರೂ ಕಾರು ಸಾಲಾಗಿಯೇ ಬರುತ್ತೆ, ಯಾರಾದರೂ ಒಬ್ಬರು ಹೊತ್ತು ನೋಡಲೇಬೇಕು. ವ್ಯತ್ಯಾಸ ಏನೆಂದರೆ ಫೋರ್‌ಮನ್‌ನನ್ನು ಆ ವಿಭಾಗದವರೇ ಎರಡು ವರ್ಷಕ್ಕೊಮ್ಮೆ ಆರಿಸುತ್ತಾರೆ.

ಲೈನ್ ನಿಲ್ಲಿಸುವ ಹಗ್ಗ ಎಲ್ಲರ ಕೈಗೂ ಎಟುಕುತ್ತೆ. ಇದು ನೊಗದ್ದಲ್ಲ, ಟೊಯೊಟಾದಿಂದ ಬಂದ ಪದ್ಧತಿ. ಬಾಗಿಲು ಕೂರಿಸುವ ಜಾಗ ನೋಡಿ. ಬಾಗಿಲು ಮತ್ತು ದೇಹದ ನಡುವಿನ ಸಂದು ಸುತ್ತಲೂ ನಾಲ್ಕು ಮಿಲಿಮೀಟರ್ ಇರಬೇಕು. ಕೂರಿಸುವವರು ಗೇಜ್ ತೂರಿಸಿ ನೋಡುತ್ತಾರೆ, ಆಮೇಲೆ ಅಂಗೈ ಸವರಿ ಮಟ್ಟ ನೋಡುತ್ತಾರೆ, ಕೊನೆಗೆ ಬಾಗಿಲು ಹಾಕಿ ಸದ್ದು ಕೇಳುತ್ತಾರೆ. 'ಟಪ್' ಅಂದರೆ ಸರಿ. 'ಟಣ್' ಅಂದರೆ ಹಗ್ಗ ಎಳೆಯುತ್ತಾರೆ. ಸಂಬಳಕ್ಕೆ ಮಾತ್ರ ಬಂದವರು ಕೂಡ ಎಳೆಯುತ್ತಾರೆ, ನಿಜ. ಆದರೆ ಎಳೆದಮೇಲೆ ಬೈಗುಳ ಬರುತ್ತೋ ಸಹಾಯ ಬರುತ್ತೋ ಅನ್ನುವುದರ ಮೇಲೆ ಮುಂದಿನ ಸಲ ಎಳೆಯುವುದು ನಿಂತಿದೆ.

ಸ್ವೀಡನ್ನಿನ ಉದ್ದೆವಲ್ಲಾದಲ್ಲಿ 1989ರಲ್ಲಿ ವೋಲ್ವೊ ಲೈನ್ ಅನ್ನೇ ಕಿತ್ತು ಹಾಕಿ, ಸಣ್ಣ ತಂಡ ನಿಂತಲ್ಲೇ ಇಡೀ ಕಾರು ಕಟ್ಟುವ ಕಾರ್ಖಾನೆ ತೆರೆದಿತ್ತು. 1993ರಲ್ಲಿ ಮುಚ್ಚಿತು. ತೇರು ಬಸ್ಸನ್ನು ನಾನು ಹಾಗೆ ಕಟ್ಟಿಸುತ್ತೇನೆ. ಗುಬ್ಬಿಗೆ ಧೈರ್ಯ ಸಾಲಲಿಲ್ಲ.

ಪ್ರತಿಯೊಂದಕ್ಕೂ ಮೀಟಿಂಗಾ?

ಇಲ್ಲಪ್ಪ. ವರ್ಷಕ್ಕೆ ಎರಡು ಮಹಾಸಭೆ. ಹೊಸ ಮಾಡೆಲ್, ದೊಡ್ಡ ಸಾಲ, ಸಂಬಳದ ಅಂತರ, ಬ್ರ್ಯಾಂಡ್ ಮುಚ್ಚುವುದು ಅಲ್ಲಿಗೆ ಬರುತ್ತೆ. ಸ್ಕ್ರೂ ಸೈಜಿಗೆಲ್ಲ ಓಟಿಲ್ಲ. ಕಾರಿನ ಬಣ್ಣಕ್ಕೆ ಒಂದು ಸಲ ಓಟು ಹಾಕಿಸಿದರು. ಯಾರಿಗೂ ಇಷ್ಟವಿಲ್ಲದ ಒಂದು ಕಂದು ಬಣ್ಣ ಗೆದ್ದಿತು. ಆಮೇಲೆ ಆ ತಪ್ಪು ಮಾಡಲಿಲ್ಲ.

ಮಾರಾಟ ಬಿದ್ದರೆ ಯಾರನ್ನಾದರೂ ಕೆಲಸದಿಂದ ತೆಗೆಯುತ್ತಾರಾ?

ಮೊದಲು ಎಲ್ಲರ ಪಾಳಿ ಕಡಿಮೆ, ಸಂಬಳವೂ ಕಡಿಮೆ. ಇದು ಸಾಲದಿದ್ದರೆ ಮುಳುಗುವುದೇ. ಮಾಲೀಕತ್ವ ತೇಲುವ ಜಾಕೆಟ್ ಅಲ್ಲ. ಮೊಂಡ್ರಾಗನ್ ಗುಂಪಿನ ಫ್ರಿಜ್, ವಾಷಿಂಗ್ ಮೆಷಿನ್ ಮಾಡುವ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಬಹಳಷ್ಟು ಸದಸ್ಯರಿಗೆ ಅಕ್ಕಪಕ್ಕದ ಸಹಕಾರಿಗಳಲ್ಲಿ ಜಾಗ ಸಿಕ್ಕಿತು, ಆದರೆ ಖಾತೆಯಲ್ಲಿಟ್ಟ ದುಡ್ಡು ಹೋಯಿತು. ಅವರಿಗೆ ಹಾರಿ ಹೋಗಲು ಪಕ್ಕದ ಕೊಂಬೆಗಳಿದ್ದವು. ನೊಗ ಒಂಟಿ ಮರ. ಇದು ನನ್ನ ವಿನ್ಯಾಸದ ದೊಡ್ಡ ಕೊರತೆ ಅಂತ ಒಪ್ಪುತ್ತೇನೆ.

ಬ್ಯಾಟರಿ, ಟೈರ್, ಗಾಜು ಹೊರಗಿನಿಂದ ಬರುತ್ತಲ್ಲ? ಅದನ್ನು ಮಾಡುವವರು ಮಾಲೀಕರಲ್ಲ ಅಲ್ವಾ?

ಅಲ್ಲ. ಒಂದು ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಹೊರಗಿನಿಂದ ತಂದ ಭಾಗಗಳದ್ದೇ. ಮೊಂಡ್ರಾಗನ್ ಗುಂಪಿನಲ್ಲೇ ಫಾಗೋರ್ ಎಡರ್ಲಾನ್ ಅಂತ ಕಾರಿನ ಬ್ರೇಕ್, ಚಾಸಿಸ್ ಭಾಗಗಳ ಎರಕ ಮಾಡುವ ಸಹಕಾರಿ ಇದೆ. ಅಂದರೆ ಸಹಕಾರಿಯಲ್ಲಿ ಮಾಡಿದ ಭಾಗ ಈಗಾಗಲೇ ಬೇರೆಯವರ ಕಾರುಗಳಲ್ಲಿ ಓಡುತ್ತಿದೆ. ಆದರೆ ಅದೇ ಗುಂಪಿನ ವಿದೇಶಿ ಘಟಕಗಳಲ್ಲಿ ಕೆಲಸ ಮಾಡುವವರು ಬಹುಪಾಲು ಸದಸ್ಯರಲ್ಲ, ಬರೀ ನೌಕರರು. ಈ ಟೀಕೆ ಹಳೆಯದು, ಸರಿಯಾದದ್ದು. ನೊಗದ ಗೇಟಿನಾಚೆ ನನ್ನ ನಿಯಮಗಳು ಓಡುವುದಿಲ್ಲ. ನಾನು ಅದನ್ನು ಮುಚ್ಚಿಟ್ಟು ಬರೆದಿಲ್ಲ.

ಚಾಸಿಸ್ ನಂಬರ್ ಕೂಡ ಇದೆಯಂತೆ?

ಇದೆ! ಈ ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ವಾಹನದ ಗುರುತಿನ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕಿ. ಇಂಗ್ಲಿಷಿನ ಐ, ಓ, ಕ್ಯೂ ಬಳಸುವ ಹಾಗಿಲ್ಲ, ಒಂದು ಮತ್ತು ಸೊನ್ನೆ ಅಂತ ತಪ್ಪಾಗಿ ಓದಬಾರದು ಅಂತ. ಮೊದಲ ಮೂರು ತಯಾರಕರ ಗುರುತು. ತುಂಬಾ ಕಡಿಮೆ ಬಂಡಿ ಮಾಡುವವರಿಗೆ ಮೂರನೆಯದು ಯಾವಾಗಲೂ 9. ಹೆಗಲಿನ ಮೊದಲ ಕೆಲವು ನೂರು ಬಂಡಿಗಳಲ್ಲಿ ಆ 9 ಇದೆ. ಆಮೇಲೆ ಇಲ್ಲ. ನನ್ನ ಕಲ್ಪನೆಯಲ್ಲಿ ಹಳೆ ಬಂಡಿ ಹುಡುಕುವವರು ಬಾಗಿಲ ಬುಡದಲ್ಲಿ ಬಗ್ಗಿ ಮೊದಲು ನೋಡುವುದು ಅದನ್ನೇ.

ನನ್ನ ಕಥೆಯಲ್ಲಿ ನೊಗದ ಕಾರು ಬಳಸಬಹುದಾ?

ಧಾರಾಳವಾಗಿ. ಗುಬ್ಬಿಯನ್ನು ಯಾರು ಬೇಕಾದರೂ ಓಡಿಸಲಿ, ಗುದ್ದಲಿ. ಒಂದೇ ಮನವಿ: ಕಂಪನಿಯನ್ನು ಸ್ವರ್ಗ ಮಾಡಬೇಡಿ. ಎಲ್ಲರೂ ಕೈ ಕೈ ಹಿಡಿದು ಹಾಡುವ ಕಾರ್ಖಾನೆ ಅಂತ ಒಬ್ಬರು ಬರೆದಿದ್ದರು. ಓದಿ ಪೇಂಟ್ ಶಾಪ್ ಅಕ್ಕ ಏನನ್ನಬಹುದು ಅಂತ ಯೋಚಿಸಿ ನಗು ಬಂತು.

ಹೊಸ ಗುಬ್ಬಿ ಯಾವಾಗ ಬರುತ್ತೆ?

ಮೀಸಲು ನಿಧಿ ಬೆಳೆಯುತ್ತಿದೆ, ಆದರೆ ಹೊಸ ದೇಹಕ್ಕೆ ಸಾಲುವಷ್ಟಲ್ಲ. ನೆಲಹಾಸಿನ ತಗಡು ಹಳೆಯದ್ದೇ ಇರಲಿ, ಮೇಲಿನದು ಹೊಸತಾಗಲಿ ಅಂತ ಒಂದು ಗುಂಪು. ಪೂರ್ತಿ ಹೊಸದು ಮಾಡದಿದ್ದರೆ ನಾವೂ ಬಾನ್‌ವಿಲ್ ಆಗುತ್ತೇವೆ ಅಂತ ಇನ್ನೊಂದು ಗುಂಪು. ವೆಲ್ಡಿಂಗ್‌ನ ಆ ಹುಡುಗ ಈಗ ಮಂಡಳಿಯಲ್ಲಿದ್ದಾನೆ, ಎರಡನೇ ಗುಂಪಿನಲ್ಲಿ. ಮುಂದಿನ ಸಭೆಯನ್ನು ನಾನಿನ್ನೂ ಬರೆದಿಲ್ಲ.

ನಾಲ್ಕನೇ ನೋಟ್‌ಬುಕ್‌ನಲ್ಲಿ ಚಿತ್ರ ಮಾತ್ರ ಇದೆ. ಸೂರು ಸ್ವಲ್ಪ ಎತ್ತರ, ಹಿಂದಿನ ಬಾಗಿಲು ಅಗಲ. ಹೆಡ್‌ಲೈಟ್ ಹಳೆ ಗುಬ್ಬಿಯದ್ದೇ ಇಟ್ಟಿದ್ದೇನೆ. ಹೊಸದು ಮಾಡಿಸಲು ದುಡ್ಡು ಸಾಲುವುದಿಲ್ಲ.